ದೂರದ ಸೈಕಲ್ ಪ್ರವಾಸಕ್ಕೆ ಯಾವ ಹ್ಯಾಂಡಲ್ ಹಿತ?

ಪ್ರಶ್ನೆ: ನನ್ನದು ನೇರ ಹ್ಯಾಂಡಲ್ ಇರುವ ಹೈಬ್ರಿಡ್ ಸೈಕಲ್. ಎರಡು ಮೂರು ಗಂಟೆ ತುಳಿದರೆ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತವೆ. ಪ್ರವಾಸ ಹೊರಡುವ ಮೊದಲು ರೇಸ್ ಸೈಕಲಿನಲ್ಲಿರುವಂತೆ ಕೆಳಕ್ಕೆ ಬಾಗಿದ ಡ್ರಾಪ್ ಹ್ಯಾಂಡಲ್ ಹಾಕಿಸಿಕೊಳ್ಳಲೇ?

ಉತ್ತರ: ಈಗಲೇ ಬೇಡ. ಆ ಎರಡು ಬೆರಳುಗಳಿಗೆ ಹೋಗುವ ಅಲ್ನಾರ್ ನರವು ಅಂಗೈಯ ಹೊರ ಅಂಚಿನಲ್ಲಿ, ಮಣಿಕಟ್ಟಿನ ಹತ್ತಿರ, ಹೆಚ್ಚು ಆಳವಿಲ್ಲದೆ ಹಾದುಹೋಗುತ್ತದೆ. ನೇರ ಹ್ಯಾಂಡಲ್ ಹಿಡಿದಾಗ ಮೈಭಾರ ಬೀಳುವುದು ಅಲ್ಲಿಯೇ. ಹಿಡಿತ ಬದಲಿಸಲು ಬೇರೆ ಜಾಗವೂ ಇಲ್ಲದ್ದರಿಂದ ಆ ಒತ್ತಡ ಗಂಟೆಗಟ್ಟಲೆ ಹಾಗೆಯೇ ಉಳಿಯುತ್ತದೆ.

ಆದ್ದರಿಂದ ಮೊದಲು ಸೀಟನ್ನು ನೋಡಿ. ಅದರ ಮೂತಿ ಕೆಳಕ್ಕೆ ಬಾಗಿದ್ದರೆ ಮೈ ಮುಂದಕ್ಕೆ ಜಾರುತ್ತಲೇ ಇರುತ್ತದೆ, ಅದನ್ನು ತಡೆಯುವ ಕೆಲಸವೆಲ್ಲ ಅಂಗೈಗೆ ಬೀಳುತ್ತದೆ. ಸೀಟನ್ನು ಮಟ್ಟಸವಾಗಿಸಿ, ಹ್ಯಾಂಡಲನ್ನು ಸೀಟಿನಷ್ಟೇ ಎತ್ತರಕ್ಕೆ ತಂದು, ಬ್ರೇಕಿನ ಮೇಲೆ ಬೆರಳಿಟ್ಟಾಗ ಮುಂಗೈ ಮತ್ತು ಮಣಿಕಟ್ಟು ಒಂದೇ ಗೆರೆಯಲ್ಲಿರುವಂತೆ ಲಿವರುಗಳನ್ನು ತಿರುಗಿಸಿಕೊಳ್ಳಿ.

ಡ್ರಾಪ್ ಹ್ಯಾಂಡಲಿನಲ್ಲಿ ಮೇಲೆ, ಲಿವರುಗಳ ತಲೆಯ ಮೇಲೆ, ಕೆಳಗಿನ ಬಾಗಿನಲ್ಲಿ ಹೀಗೆ ಮೂರು ಹಿಡಿತ ಸಿಗುತ್ತವೆ, ಎದುರುಗಾಳಿಯಲ್ಲಿ ಬಗ್ಗಿ ತುಳಿಯಲು ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ನೇರ ಹ್ಯಾಂಡಲಿಗಾಗಿ ಮಾಡಿದ ಫ್ರೇಮು ಸಾಮಾನ್ಯವಾಗಿ ಉದ್ದ. ಅದಕ್ಕೆ ಮುಂದಕ್ಕೆ ಚಾಚಿದ ಡ್ರಾಪ್ ಸೇರಿದರೆ ನೀವು ಇನ್ನಷ್ಟು ಬಗ್ಗಬೇಕಾಗಿ, ಕೈಮೇಲಿನ ಭಾರ ಇಳಿಯುವ ಬದಲು ಏರಬಹುದು. ಖರ್ಚೂ ದೊಡ್ಡದು: ನೇರ ಹ್ಯಾಂಡಲಿನ ಹಿಡಿಯ ಭಾಗದ ಕೊಳವೆ 22.2 ಮಿ.ಮೀ., ಡ್ರಾಪ್‌ನದು 23.8 ಮಿ.ಮೀ. ಇರುವುದರಿಂದ ಈಗಿನ ಬ್ರೇಕ್ ಲಿವರು, ಗೇರ್ ಶಿಫ್ಟರು ಅದಕ್ಕೆ ಕೂರುವುದಿಲ್ಲ.

ನಿಮ್ಮಂಥವರಿಗೆ ನಾನು ಹೇಳುವುದು ಚಿಟ್ಟೆಯ ರೆಕ್ಕೆಯಂತೆ ಬಾಗಿದ ಬಟರ್‌ಫ್ಲೈ ಹ್ಯಾಂಡಲ್. ಯುರೋಪಿನ ಪ್ರವಾಸಿ ಸೈಕಲ್‌ಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಇದರ ಕೊಳವೆ ಸಾಮಾನ್ಯವಾಗಿ 22.2 ಮಿ.ಮೀ. ಇರುವುದರಿಂದ ಹಳೆಯ ಲಿವರು, ಶಿಫ್ಟರುಗಳೇ ಸಾಕು, ಮೇಲೆ ದಪ್ಪ ಟೇಪು ಸುತ್ತಿದರಾಯಿತು. ಕೇಬಲಿನ ಉದ್ದ ಸಾಲುತ್ತದೆಯೇ ಎಂದು ಮಾತ್ರ ಮೊದಲೇ ನೋಡಿಕೊಳ್ಳಿ. ಇದರ ಕೊರತೆಯೂ ಚಿಕ್ಕದಲ್ಲ. ಬ್ರೇಕುಗಳು ಸವಾರನ ಕಡೆಯ ತುದಿಗಳಲ್ಲಿರುತ್ತವೆ, ಮುಂದಿನ ಬಾಗನ್ನು ಹಿಡಿದ ಕೈಗೆ ಅವು ಎಟುಕುವುದಿಲ್ಲ. ಹೇರು ತುಂಬಿದ ಸೈಕಲಿನಲ್ಲಿ ಆಗುಂಬೆಯ ತಿರುವುಗಳನ್ನು ಇಳಿಯುವಾಗ ಕೈ ಲಿವರಿನ ಬಳಿಯಲ್ಲಿಯೇ ಇರಬೇಕು.

ಅಷ್ಟೂ ಬೇಡವೆಂದರೆ, ಅಂಗೈ ಊರಲು ಅಗಲವಾದ ರೆಕ್ಕೆಯಿರುವ ಗ್ರಿಪ್ಪು ಮತ್ತು ತುದಿಗೆ ಬಾರ್ ಎಂಡ್ (ಮುಂದಕ್ಕೆ ಚಾಚಿದ ಚಿಕ್ಕ ಕೊಂಬು) ಹಾಕಿಸಿದರೂ ಎರಡನೆಯ ಹಿಡಿತ ಸಿಗುತ್ತದೆ. ಇಷ್ಟಾಗಿಯೂ ಸವಾರಿ ಮುಗಿದ ಮರುದಿನ ಜೋಮು ಉಳಿದಿದ್ದರೆ, ಅಥವಾ ಬೀಗದ ಕೈ ತಿರುಗಿಸಲು ಬೆರಳಿಗೆ ಬಲ ಸಾಲದಿದ್ದರೆ, ಪ್ರವಾಸವನ್ನು ಮುಂದೂಡಿ ವೈದ್ಯರಿಗೆ ಕೈ ತೋರಿಸಿ.