ಬಿಸಿಲಿಗೆ ಸ್ಕ್ರೀನ್ ಕಾಣೋದಿಲ್ಲ, ಗಾಗಲ್ ತಗೊಳ್ಳಲಾ?

ಪ್ರಶ್ನೆ: ನಮ್ಮದು ಕಾರವಾರ. ಕ್ಯಾಮೆರಾ ಕಟ್ಟಿದ ಒಂದು ಆರ್‌ಸಿ (ರಿಮೋಟಿನಿಂದ ಹಾರಿಸುವ) ವಿಮಾನ ನನ್ನ ಹತ್ರ ಇದೆ, ತಮ್ಮನ ಹತ್ರ ಸಣ್ಣ ಡ್ರೋನ್ ಇದೆ. ಬೀಚಿನಲ್ಲಿ ಬಿಸಿಲೇರಿದ ಮೇಲೆ ಸ್ಕ್ರೀನಿನಲ್ಲಿ ನನ್ನ ಮುಖ ಬಿಟ್ಟು ಬೇರೇನೂ ಕಾಣೋದಿಲ್ಲ. ವಿಮಾನದ ಕ್ಯಾಮೆರಾ ಕಂಡದ್ದನ್ನು ಕಣ್ಣೆದುರೇ ತೋರಿಸುವ, ತಲೆಗೆ ಕಟ್ಟಿಕೊಳ್ಳುವ ಮಾನಿಟರ್, ಅದೇ ಎಫ್‌ಪಿವಿ ಗಾಗಲ್, ತಗೊಂಡರೆ ಫೋಟೋ ಚೆನ್ನಾಗಿ ಬರುತ್ತಾ? ನಾನು ಚಷ್ಮಾ ಬೇರೆ ಹಾಕುತ್ತೇನೆ.

ಉತ್ತರ: ವಿಮಾನಕ್ಕಾದರೆ ತಗೊಳ್ಳಿ. ತಮ್ಮನ ಡ್ರೋನಿಗಾದರೆ ಬೇಡ. ಇನ್ನು ತಗೊಂಡ ಮೇಲೂ ಅದನ್ನು ಹಾಕಿಕೊಳ್ಳಬೇಕಾದವರು ನೀವಲ್ಲ, ನಿಮ್ಮ ತಮ್ಮ.

ಡ್ರೋನಿನ ಮಾತು ಮೊದಲು ಮುಗಿಸಿಬಿಡೋಣ. ಅದು ಜಿಪಿಎಸ್ ಹಿಡಿದು ಗಾಳಿಯಲ್ಲಿ ಒಂದೇ ಕಡೆ ನಿಲ್ಲುತ್ತದೆ. ನಿಂತಿರುವಾಗ ನಿಮಗೆ ಪುರುಸೊತ್ತಿರುತ್ತದೆ. ಸೂರ್ಯನಿಗೆ ಬೆನ್ನು ಹಾಕಿ, ಟೋಪಿ ಮುಂದೆ ಎಳೆದುಕೊಂಡು, ನಿಧಾನಕ್ಕೆ ಸ್ಕ್ರೀನ್ ನೋಡಿ ಫ್ರೇಮ್ ಸರಿ ಮಾಡಬಹುದು. ಮೂರು ಕಡೆಯಿಂದ ಮುಚ್ಚುವ ಒಂದು ಕಪ್ಪು ಹುಡ್ ಹಾಕಿದರೆ ಅರ್ಧ ಸಮಸ್ಯೆ ಹೋಯಿತು. ರಟ್ಟಿನಲ್ಲಿ ಮನೆಯಲ್ಲೇ ಮಾಡಿಕೊಂಡರೂ ನಡೆಯುತ್ತದೆ, ಒಳಗೆ ಕಪ್ಪು ಬಣ್ಣ ಬಳಿಯುವುದು ಮರೆಯಬೇಡಿ. ಅದಕ್ಕೂ ಮೇಲೆ ಬೇಕಾದರೆ ಸ್ಕ್ರೀನ್ ಇರುವ ರಿಮೋಟ್ ನೋಡಿ. ಡಿಜೆಐ ಕಂಪನಿಯ 'ಆರ್‌ಸಿ' ರಿಮೋಟಿನದು 700 ನಿಟ್ಸ್ (ಪರದೆಯ ಬೆಳಕಿನ ಅಳತೆ), 'ಆರ್‌ಸಿ ಪ್ರೋ'ದು 1000 ನಿಟ್ಸ್. ಮಧ್ಯಾಹ್ನದ ಮರಳಿನ ಮೇಲೆ 700 ಸಾಲದು ಅನ್ನಿಸುತ್ತದೆ, ಹುಡ್ ಜೊತೆ ಸಾಕು.

ವಿಮಾನದ ಕಥೆ ಬೇರೆ. ಅದು ನಿಲ್ಲುವುದಿಲ್ಲ, ನಿಂತರೆ ಬಿತ್ತು ಅಂತಲೇ ಲೆಕ್ಕ. ಸ್ವಲ್ಪ ಲೆಕ್ಕ ಹಾಕಿ ನೋಡಿ. ಕ್ಯಾಮೆರಾ ನೇರ ಕೆಳಗೆ ಮುಖ ಮಾಡಿದೆ, 24 ಎಂಎಂಗೆ ಸಮನಾದ, ಅಂದರೆ ಅಗಲ ನೋಟದ ಲೆನ್ಸ್, ಎತ್ತರ 100 ಮೀಟರ್ ಅಂತ ಇಟ್ಟುಕೊಳ್ಳೋಣ. ಆಗ ನೆಲದ ಮೇಲೆ 150 ಮೀಟರ್ ಅಗಲ, 100 ಮೀಟರ್ ಉದ್ದದ ಜಾಗ ಫ್ರೇಮಿನಲ್ಲಿ ಬರುತ್ತದೆ. ವಿಮಾನ ಸೆಕೆಂಡಿಗೆ 12 ಮೀಟರ್ ಹೋಗುತ್ತಿದ್ದರೆ, ಅಂದರೆ ಗಂಟೆಗೆ 43 ಕಿ.ಮೀ., ಫ್ರೇಮಿನ ನಟ್ಟನಡುವೆ ಇದ್ದ ದೋಣಿ ನಾಲ್ಕು ಸೆಕೆಂಡಿನಲ್ಲಿ ಅಂಚಿಗೆ ಬಂದು ಮಾಯವಾಗುತ್ತದೆ. ಆ ನಾಲ್ಕು ಸೆಕೆಂಡಿನಲ್ಲಿ ನೀವು ತಲೆ ಬಗ್ಗಿಸಿ ಸ್ಕ್ರೀನ್ ನೋಡಬೇಕು, ಬಟನ್ ಒತ್ತಬೇಕು, ತಲೆ ಎತ್ತಿ ವಿಮಾನ ಎಲ್ಲಿದೆ, ಯಾವ ರೆಕ್ಕೆ ವಾಲಿದೆ ಅಂತ ಮತ್ತೆ ಹುಡುಕಬೇಕು. ಬೆಳ್ಳಗಿನ ಆಕಾಶದಲ್ಲಿ ಮೀಟರ್ ಉದ್ದದ ರೆಕ್ಕೆ ಹುಡುಕುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತಿದೆ. ಅದು ನಿಮ್ಮ ಕಡೆ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಅನ್ನುವುದೇ ಒಂದು ಕ್ಷಣ ತಿಳಿಯುವುದಿಲ್ಲ.

ಹಾಗಾದರೆ ನಾನೇ ಗಾಗಲ್ ಹಾಕಿಕೊಂಡು ಹಾರಿಸುತ್ತೇನೆ, ಎರಡೂ ಒಟ್ಟಿಗೆ ಆಗುತ್ತೆ ಅಲ್ವಾ ಅಂತೀರಾ? ಆಗುತ್ತೆ, ರೇಸ್ ಮಾಡುವವರು ಹಾಗೇ ಹಾರಿಸುವುದು. ಆದರೆ ಗಾಗಲ್ ಹಾಕಿದವನಿಗೆ ಕ್ಯಾಮೆರಾ ಕಂಡಷ್ಟೇ ಲೋಕ. ನಮ್ಮ ಕಡಲತೀರದಲ್ಲಿ ಮೀನು ಒಣಗಿಸುವ ಜಾಗದ ಮೇಲೆ ಗರುಡ, ಹದ್ದು ಯಾವಾಗಲೂ ಸುತ್ತುತ್ತಿರುತ್ತವೆ, ಅವು ಮೇಲಿಂದ ಎರಗಿದರೆ ಕೆಳಗೆ ನೋಡುವ ಕ್ಯಾಮೆರಾಗೆ ಏನೂ ಕಾಣುವುದಿಲ್ಲ. ಬೆಳಿಗ್ಗೆ ಶಾಂತವಾಗಿದ್ದ ಗಾಳಿ ಹೊತ್ತೇರಿದ ಮೇಲೆ ಕಡಲ ಕಡೆಯಿಂದ ಬೀಸಲು ಶುರುವಾಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಜೋರಾಗುತ್ತದೆ. ವಿಮಾನ ಒಳನಾಡಿನ ಕಡೆ ಜಾರುತ್ತಿದೆ ಅಂತ ನೆಲದ ಮೇಲೆ ನಿಂತು ನೋಡುವವನಿಗೆ ಮೊದಲು ಗೊತ್ತಾಗುತ್ತದೆ. ಅಮೆರಿಕದಲ್ಲಿ ಗಾಗಲ್ ಹಾಕಿ ಹಾರಿಸುವ ಹವ್ಯಾಸಿಯ ಪಕ್ಕದಲ್ಲೇ ಬರಿಗಣ್ಣಿನಿಂದ ವಿಮಾನ ನೋಡುವ ಇನ್ನೊಬ್ಬರು ಇರಲೇಬೇಕು ಅಂತ ಕಾನೂನೇ ಇದೆ. ನಮ್ಮ ಡ್ರೋನ್ ನಿಯಮ 2021 ಕೂಡ ಹವ್ಯಾಸದ ಮಾಡೆಲ್ ವಿಮಾನ ಅಂದರೆ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸುವಂಥದ್ದು ಅಂತ ಹೇಳುತ್ತದೆ.

ಹೇಗೂ ಇಬ್ಬರು ಬೇಕಲ್ಲ, ಫೋಟೋಗೆ ಕೆಲಸ ತಿರುಗಿಸಿ ಹಂಚಿಕೊಳ್ಳಿ. ನೀವು ವಿಮಾನ ನೋಡಿ, ತಮ್ಮ ಚಿತ್ರ ನೋಡಲಿ. ಅವನು ಒಂದು ಕುರ್ಚಿಯಲ್ಲಿ ಕೂತುಕೊಳ್ಳಲಿ, ನಿಂತರೆ ಮೊದಮೊದಲು ತಲೆ ತಿರುಗುತ್ತದೆ, ಓಂ ಬೀಚಿನಂಥ ಕಡೆ ಬಂಡೆಯ ಮೇಲಂತೂ ನಿಲ್ಲಲೇಬಾರದು. ಶಟರ್ ಬಟನ್ ಅವನ ಕೈಗೆ ಕೊಡಿ. ಅವನು 'ಎಡಕ್ಕೆ, ಇನ್ನೂ ಸ್ವಲ್ಪ, ಹಾಂ, ನೇರ ಹೋಗು' ಅನ್ನುತ್ತಿರಬೇಕು, ನೀವು ತಿರುಗಿಸುತ್ತಿರಬೇಕು. ಇಲ್ಲೊಂದು ಗೊಂದಲ ಆಗಿಯೇ ಆಗುತ್ತದೆ. ವಿಮಾನ ನಿಮ್ಮ ಕಡೆ ಮುಖ ಮಾಡಿ ಬರುವಾಗ ಅವನ ಎಡ ನಿಮ್ಮ ಬಲ. ಅದಕ್ಕೆ ಎಡ ಬಲ ಬಿಟ್ಟು 'ಸಮುದ್ರದ ಕಡೆ', 'ರಸ್ತೆ ಕಡೆ' ಅಂತ ಹೇಳುವುದು ರೂಢಿ ಮಾಡಿಕೊಳ್ಳಿ. ಕಡಲತೀರದ ಒಂದು ಅನುಕೂಲ ಅದು, ದಿಕ್ಕು ಯಾರಿಗೂ ತಪ್ಪುವುದಿಲ್ಲ.

ಇದಕ್ಕೆ ಹಳೆಯ ಅನಲಾಗ್ ವಿಡಿಯೋನೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಡಿಜಿಟಲ್ ಚಿತ್ರ ಚಂದ, ಒಪ್ಪಿದೆ. ಆದರೆ ಅನಲಾಗ್ 5.8 ಗಿಗಾಹರ್ಟ್ಸ್ ಸಿಗ್ನಲನ್ನು ಅದೇ ಚಾನೆಲ್ಲಿಗೆ ಟ್ಯೂನ್ ಮಾಡಿದ ಯಾರು ಬೇಕಾದರೂ ನೋಡಬಹುದು. ತಮ್ಮನಿಗೆ ಗಾಗಲ್, ನಿಮ್ಮ ರಿಮೋಟಿನ ಮೇಲೆ ಒಂದು ಸಣ್ಣ ಮಾನಿಟರ್, ಎರಡೂ ಒಟ್ಟಿಗೆ ನಡೆಯುತ್ತವೆ. ಡಿಜಿಟಲ್‌ನಲ್ಲಿ ಟ್ರಾನ್ಸ್‌ಮಿಟರ್ ಮತ್ತು ಗಾಗಲ್ ಒಂದಕ್ಕೊಂದು ಜೋಡಿಯಾಗಿರಬೇಕು, ಎರಡನೆಯವರು ನೋಡುವ ಸೌಲಭ್ಯ ಎಲ್ಲ ಮಾಡೆಲ್ಲಿಗೂ ಇರುವುದಿಲ್ಲ. ಕೇಳಿಕೊಂಡೇ ತಗೊಳ್ಳಿ. ಇನ್ನು ಅಂಗಡಿಯವರು ವಿಳಂಬ ಕಡಿಮೆ, ಲೇಟೆನ್ಸಿ ಕಡಿಮೆ ಅಂತ ಜಾಸ್ತಿ ದುಡ್ಡು ಹೇಳಿದರೆ ಮರುಳಾಗಬೇಡಿ. ಚಿತ್ರ 40 ಮಿಲಿಸೆಕೆಂಡ್ ತಡವಾಗಿ ಬಂದರೆ ಅಷ್ಟರಲ್ಲಿ ನಿಮ್ಮ ವಿಮಾನ ಅರ್ಧ ಮೀಟರ್ ಹೋಗಿರುತ್ತದೆ. ಗೇಟಿನೊಳಗೆ ನುಗ್ಗುವ ರೇಸಿನವರಿಗೆ ಅದು ಸೋಲು ಗೆಲುವು. 150 ಮೀಟರ್ ಅಗಲದ ಫೋಟೋ ತೆಗೆಯುವ ನಿಮಗೆ ಏನೂ ಅಲ್ಲ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ, ಫೋಟೋ ಚೆನ್ನಾಗಿ ಬರುತ್ತಾ? ಗಾಗಲ್ ಹೇಳುವುದು ಒಂದೇ ವಿಷಯ, ಫ್ರೇಮಿನಲ್ಲಿ ಏನಿದೆ ಅಂತ. ಫೋಕಸ್ ಸರಿ ಇದೆಯಾ, ಬೆಳಕು ಸರಿ ಇದೆಯಾ ಅನ್ನುವುದನ್ನು ಅದರಲ್ಲಿ ನೋಡಿ ತೀರ್ಮಾನ ಮಾಡಲೇಬೇಡಿ. ಪಾಲ್ ಅನ್ನುವ ಹಳೇ ಟಿವಿ ಪದ್ಧತಿಯ ಅನಲಾಗ್ ಚಿತ್ರದಲ್ಲಿ ಕಾಣುವುದು 576 ಗೆರೆ, ಅಗ್ಗದ ಡಬ್ಬಿ ಗಾಗಲ್ಲಿನ ಒಳಗಿರುವ 5 ಇಂಚಿನ ಪರದೆ ಎಷ್ಟೋ ಸಲ 800×480 ಅಷ್ಟೇ. ಅದರಲ್ಲಿ ಎಲ್ಲವೂ ಒಂದೇ ಥರ ಮಸುಕು.

ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಆಗರ ತಗೊಳ್ಳಿ. ಮೇಲಿಂದ ತೆಗೆಯಲು ಈ ಜಿಲ್ಲೆಯಲ್ಲಿ ಅದಕ್ಕಿಂತ ಚಂದದ ಜಾಗ ಕಡಿಮೆ. ಚೌಕ ಚೌಕ ಕಟ್ಟೆ, ಕೆಲವು ಚೌಕದಲ್ಲಿ ನೀರು ಕಂದು, ಕೆಲವದರಲ್ಲಿ ಆಕಾಶ, ಬದುವಿನ ಮೇಲೆ ಸಾಲಾಗಿ ಬಿಳಿ ಉಪ್ಪಿನ ರಾಶಿ. ಗಾಗಲ್ಲಿನಲ್ಲಿ ನೋಡಿದರೆ ಎಲ್ಲಾ ಸರಿಯಾಗಿಯೇ ಇರುತ್ತದೆ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದರೆ ಉಪ್ಪಿನ ರಾಶಿ ಇರಬೇಕಾದಲ್ಲಿ ಬರೀ ಬಿಳಿ ತೂತು, ಒಂದು ಹರಳಿನ ಗುರುತೂ ಇಲ್ಲ. ಕ್ಯಾಮೆರಾ ಸುತ್ತಲಿನ ಕಪ್ಪು ಕೆಸರನ್ನು ನೋಡಿ ಬೆಳಕು ಏರಿಸಿಬಿಟ್ಟಿರುತ್ತದೆ. ಅದಕ್ಕೇ ಎಕ್ಸ್‌ಪೋಷರ್ ನೆಲದ ಮೇಲೇ ಕೂತು ಕಟ್ಟಬೇಕು. ಮ್ಯಾನ್ಯುಯಲ್‌ಗೆ ಹಾಕಿ, ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ಗ್ರಾಫ್) ಬಲಗಡೆ ಗೋಡೆಗೆ ಒರಗದಷ್ಟು ಬೆಳಕು ಕಡಿಮೆ ಇಡಿ, ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಫೈಲ್) ಇದ್ದರೆ ಆನ್ ಮಾಡಿ, ಶಟರ್ 1/1000 ಸೆಕೆಂಡಿನ ಆಸುಪಾಸು ಇರಲಿ. ವೇಗದಿಂದ ಚಿತ್ರ ಕದಡುವುದಕ್ಕಿಂತ ಮೋಟಾರಿನ ನಡುಕದಿಂದ ಕದಡುವುದೇ ಜಾಸ್ತಿ. ಫೋಕಸನ್ನು ದೂರಕ್ಕೆ ಇಟ್ಟು ಲಾಕ್ ಮಾಡಿಬಿಡಿ.

ಇನ್ನೊಂದು ಮಾತು. ಎಷ್ಟೋ ವಿಮಾನಗಳಲ್ಲಿ ವಿಡಿಯೋ ಕಳಿಸುವ ಕ್ಯಾಮೆರಾ ಒಂದು, ಫೋಟೋ ತೆಗೆಯುವ ಕ್ಯಾಮೆರಾ ಇನ್ನೊಂದು. ಎರಡರ ನೋಟ ಒಂದೇ ಆಗಿರುವುದಿಲ್ಲ. ಹಾರಿಸುವ ಮುಂಚೆ ವಿಮಾನವನ್ನು ಮನೆಯ ತಾರಸಿಯಲ್ಲಿ ಇಟ್ಟು, ಎರಡೂ ಕ್ಯಾಮೆರಾ ದೂರದ ತೆಂಗಿನ ಮರಗಳ ಕಡೆ ನೋಡುವಂತೆ ಮಾಡಿ, ಒಂದು ಫೋಟೋ ಕ್ಲಿಕ್ ಮಾಡಿ. ಅದೇ ಹೊತ್ತಿಗೆ ಗಾಗಲ್ಲಿನಲ್ಲಿ ಎಷ್ಟು ಮರ ಕಾಣುತ್ತವೆ ಎಣಿಸಿ. ಫೋಟೋದಲ್ಲಿ ಮೂರು ಮರ, ಗಾಗಲ್ಲಿನಲ್ಲಿ ಏಳು ಮರ ಬಂದರೆ ಆ ನಡುವಿನ ಮೂರೇ ನಿಮ್ಮ ಫ್ರೇಮ್ ಅಂತ ತಮ್ಮನಿಗೆ ತೋರಿಸಿಕೊಡಿ. ಫೋಟೋ ಕ್ಯಾಮೆರಾದಿಂದಲೇ ವಿಡಿಯೋ ಹೊರಗೆ ತೆಗೆಯಲು ಬಂದರೆ ಈ ತಾಪತ್ರಯವೇ ಇಲ್ಲ.

ಗಾಗಲ್ ಕೊಂಡವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿದೆಯೋ ಕಾಣೆ: ಅದರ ದೊಡ್ಡ ಶತ್ರು ಸೂರ್ಯ. ಒಳಗಿರುವುದು ಭೂತಗನ್ನಡಿಯಂಥ ಲೆನ್ಸ್. ಗಾಗಲ್ ತೆಗೆದು ಕಣ್ಣಿಡುವ ಕಡೆ ಮೇಲೆ ಮಾಡಿ ಮರಳಿನ ಮೇಲಿಟ್ಟರೆ ಬಿಸಿಲು ಆ ಲೆನ್ಸಿನಿಂದ ಒಳಗಿನ ಪರದೆಯ ಮೇಲೆ ಒಂದೇ ಬಿಂದುವಿಗೆ ಬೀಳುತ್ತದೆ, ಸ್ವಲ್ಪ ಹೊತ್ತು ಸಾಕು, ಪರದೆ ಸುಟ್ಟು ಹಳದಿ ಕಲೆಯೋ ಕಪ್ಪು ಗೆರೆಯೋ ಶಾಶ್ವತವಾಗಿ ಉಳಿಯುತ್ತದೆ. ಬಿಸಿಲಿಗಾಗಿ ಕೊಂಡ ವಸ್ತು ಬಿಸಿಲಿಗೇ ಹಾಳು. ತೆಗೆದ ಕೂಡಲೇ ಚೀಲಕ್ಕೆ ಹಾಕಿ, ಇಲ್ಲದಿದ್ದರೆ ಲೆನ್ಸ್ ಮೇಲೆ ಬಟ್ಟೆ ಮುಚ್ಚಿ. ಕಾರಿನ ಡ್ಯಾಶ್‌ಬೋರ್ಡ್ ಮೇಲಂತೂ ಬೇಡವೇ ಬೇಡ. ನಮ್ಮ ಸೆಕೆಗೆ ಒಳಗೆ ಮಂಜು ಕಟ್ಟುತ್ತದೆ, ಫ್ಯಾನ್ ಇರುವ ಮಾಡೆಲ್ ಆದರೆ ಒಳ್ಳೆಯದು. ಉಪ್ಪುಗಾಳಿಗೆ ಫೋಮ್ ಅಂಟಂಟಾಗುತ್ತದೆ, ಬಂದ ಮೇಲೆ ಒರೆಸಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ.

ಚಷ್ಮಾ ವಿಷಯ. ದೊಡ್ಡ ಡಬ್ಬಿ ಥರದ ಕೆಲವು ಗಾಗಲ್ಲಿನೊಳಗೆ ಚಷ್ಮಾ ಹಾಕಿಕೊಂಡೇ ನೋಡಬಹುದು, ಸಣ್ಣವದರಲ್ಲಿ ಆಗುವುದಿಲ್ಲ. ಕೆಲವದರಲ್ಲಿ ನಂಬರ್ ತಿರುಗಿಸಿಕೊಳ್ಳುವ ವ್ಯವಸ್ಥೆ ಇದೆ, ಡಿಜೆಐ ಗಾಗಲ್ಸ್ 2ರಲ್ಲಿ ಅದು −8ರಿಂದ +2ರವರೆಗೆ ಹೋಗುತ್ತದೆ, ಎರಡು ಕಣ್ಣುಗಳ ನಡುವಿನ ಅಂತರವನ್ನೂ 56ರಿಂದ 72 ಮಿ.ಮೀ.ವರೆಗೆ ಹೊಂದಿಸಬಹುದು. ಚಷ್ಮಾದಲ್ಲಿ ಸಿಲಿಂಡರ್ ನಂಬರ್ (ಅಸ್ಟಿಗ್ಮ್ಯಾಟಿಸಂನದು) ಇದ್ದರೆ ಇದು ಸಾಲದು. ನೋಡುವವನು ತಮ್ಮ ಆದರೆ ಅವನ ಕಣ್ಣಿಗೆ ಹೊಂದಿಸಿ, ನಿಮ್ಮದಕ್ಕಲ್ಲ.

ಶಿರಸಿ ಕಡೆ ನೆಂಟರ ಅಡಿಕೆ ತೋಟದ ಫೋಟೋ ತೆಗೆಯುವ ಯೋಚನೆ ಇದ್ದರೆ ಬೀಚಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ. 5.8 ಗಿಗಾಹರ್ಟ್ಸ್ ಸಿಗ್ನಲ್ ಒದ್ದೆ ಎಲೆಯನ್ನು ದಾಟಲು ಒದ್ದಾಡುತ್ತದೆ, ಗುಡ್ಡ ಅಡ್ಡ ಬಂದರೆ ಮುಗಿಯಿತು. ತೋಟ ಇರುವುದು ಕಣಿವೆಯಲ್ಲಿ, ನೀವು ತೋಟದೊಳಗೆ ನಿಂತರೆ ಮರಗಳ ಮೇಲೆ ಹೋದ ಕೂಡಲೇ ಚಿತ್ರ ಹಾಳಾಗುತ್ತದೆ. ಮೇಲಿನ ಬೆಟ್ಟದಲ್ಲೋ ಅಂಗಳದಲ್ಲೋ ತೆರೆದ ಜಾಗ ನೋಡಿ ನಿಲ್ಲಿ. ಅನಲಾಗ್ ಆದರೆ ಮೊದಲು ಚುಕ್ಕೆ ಚುಕ್ಕೆ ಬಂದು ಎಚ್ಚರಿಕೆ ಕೊಡುತ್ತದೆ, ಡಿಜಿಟಲ್ ಆದರೆ ಚಿತ್ರ ಒಮ್ಮೆಲೇ ನಿಂತುಬಿಡಬಹುದು. ತಾನಾಗಿ ವಾಪಸ್ ಬರುವ ವ್ಯವಸ್ಥೆ ಇದ್ದರೆ ಅದರ ಎತ್ತರವನ್ನು ಅಡಿಕೆ ಮರಕ್ಕಲ್ಲ, ಹಿಂದಿನ ಗುಡ್ಡದ ಮರಕ್ಕೆ ನೋಡಿ ಇಡಿ.

ಕೊನೆಯದಾಗಿ ಕಾರವಾರದವರು ಹೆಚ್ಚು ಹುಷಾರಾಗಿರಬೇಕಾದ ಸಂಗತಿ. ಊರಿನ ದಕ್ಷಿಣಕ್ಕೆ ಅರ್ಗಾದಲ್ಲಿ ನೌಕಾಪಡೆಯ ಐಎನ್‌ಎಸ್ ಕದಂಬ ಇದೆ, ಒಳನಾಡಿನ ಕಡೆ ಕೈಗಾ ಅಣುಸ್ಥಾವರ ಇದೆ. ಇವುಗಳ ಆಸುಪಾಸು ವಿಮಾನ ಚೀಲದಿಂದ ಹೊರಗೇ ತೆಗೆಯಬೇಡಿ. ಬೇರೆ ಎಲ್ಲಿಗೇ ಹೋದರೂ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ವೆಬ್‌ಸೈಟಿನ ಡ್ರೋನ್ ನಕ್ಷೆ ತೆರೆದು ಆ ಜಾಗ ಹಸಿರೋ ಹಳದಿಯೋ ಕೆಂಪೋ ನೋಡಿ. ಹಸಿರಿನಲ್ಲೂ ಮಿತಿ 400 ಅಡಿ, ಅಂದರೆ 120 ಮೀಟರ್. ಕೆಂಪು ಅಂದರೆ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಇಲ್ಲ. 250 ಗ್ರಾಂ ಒಳಗಿನದಕ್ಕೆ, ಮತ್ತು ದುಡ್ಡಿನ ಕೆಲಸಕ್ಕಲ್ಲದೆ ಹಾರಿಸುವ 2 ಕೆ.ಜಿ. ಒಳಗಿನದಕ್ಕೆ ಪೈಲಟ್ ಪ್ರಮಾಣಪತ್ರ ಬೇಡ. ಮದುವೆ, ಹೋಂಸ್ಟೇ ಫೋಟೋ ಅಂತ ದುಡ್ಡು ತಗೊಂಡರೆ 250 ಗ್ರಾಂ ಮೇಲಿನದಕ್ಕೆ ಬೇಕು. ಇನ್ನು ವಿದೇಶದಿಂದ ಬರುವವರ ಕೈಲಿ ಡ್ರೋನ್ ತರಿಸುವ ಯೋಚನೆ ಇದ್ದರೆ ಬಿಡಿ, 2022ರ ಫೆಬ್ರವರಿಯಿಂದ ಅದರ ಆಮದಿಗೆ ನಿಷೇಧ ಇದೆ. ವಿಮಾನ ನಿಮ್ಮ ಹತ್ರ ಇದ್ದೇ ಇದೆ, ಸದ್ಯಕ್ಕೆ ಯಾರದ್ದಾದರೂ ಗಾಗಲ್ ಒಂದು ಬೆಳಿಗ್ಗೆ ಎರವಲು ತಂದು ತಮ್ಮನ ತಲೆಗೆ ಕಟ್ಟಿ ನೋಡಿ, ಆಮೇಲೆ ದುಡ್ಡು ಹಾಕಿ.