ಬ್ಲ್ಯಾಕ್‌ಜ್ಯಾಕ್‌ನ ಬದಲಿ ಆಟಗಳಲ್ಲಿ ಎಲೆ ಎಣಿಸಿದರೆ ಲಾಭವಿದೆಯೇ?

ಪ್ರಶ್ನೆ: ಸಾಮಾನ್ಯ ಬ್ಲ್ಯಾಕ್‌ಜ್ಯಾಕ್‌ನಲ್ಲಿ ಎಲೆ ಎಣಿಸುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಕೊಂಡಿದ್ದೇನೆ. ಕ್ಯಾಸಿನೊಗಳಲ್ಲಿ ಈಗ ಸ್ಪ್ಯಾನಿಷ್ 21, ಬ್ಲ್ಯಾಕ್‌ಜ್ಯಾಕ್ ಸ್ವಿಚ್, ಡಬಲ್ ಎಕ್ಸ್‌ಪೋಷರ್ ಮುಂತಾದ ಆಟಗಳೂ ಇವೆ. ಅಲ್ಲಿಯೂ ಈ ಎಣಿಕೆ ಫಲ ಕೊಡುತ್ತದೆಯೇ?

ಉತ್ತರ: ಸ್ಪ್ಯಾನಿಷ್ 21ರಲ್ಲಿ, ಎಣಿಕೆಯ ಆರಂಭವನ್ನು ಸರಿಯಾಗಿ ತಿದ್ದಿಕೊಂಡರೆ, ಫಲ ಕೊಡುತ್ತದೆ. ಉಳಿದ ಬದಲಿ ಆಟಗಳಲ್ಲಿ ಪಡುವ ಶ್ರಮಕ್ಕೆ ತಕ್ಕ ಫಲ ಸಿಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಕಾರಣ ತಿಳಿಯಬೇಕಾದರೆ ಎಣಿಕೆಯ ಲಾಭ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಮೊದಲು ನೋಡಬೇಕು. ಎಲೆಗಳ ಮೊತ್ತ 21 ದಾಟದಂತೆ ನೋಡಿಕೊಂಡು, ಕ್ಯಾಸಿನೊ ಪರವಾಗಿ ಎಲೆ ಹಂಚುವ ಡೀಲರ್‌ನ ಮೊತ್ತವನ್ನು ಮೀರಿಸುವುದೇ ಬ್ಲ್ಯಾಕ್‌ಜ್ಯಾಕ್, ಇದರಲ್ಲಿ ಗುಲಾಮ, ರಾಣಿ, ರಾಜಗಳಿಗೂ ಹತ್ತರದೇ ಬೆಲೆ.

ಅಮೆರಿಕದ ಗಣಿತಜ್ಞ ಎಡ್ವರ್ಡ್ ಥಾರ್ಪ್ 1962ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಲೆಕ್ಕದ ಸಾರ ಇಷ್ಟೇ: ಉಳಿದ ಎಲೆಗಳಲ್ಲಿ ಹತ್ತು, ಗುಲಾಮ, ರಾಣಿ, ರಾಜ ಮತ್ತು ಎಕ್ಕಗಳು ಹೆಚ್ಚಾಗಿದ್ದರೆ ಆಟಗಾರನಿಗೆ ಅನುಕೂಲ, ಸಣ್ಣ ಎಲೆಗಳು ಹೆಚ್ಚಾಗಿದ್ದರೆ ಕ್ಯಾಸಿನೊಗೆ ಅನುಕೂಲ. ರಮ್ಮಿ ಆಡುವವರು ಬಿದ್ದ ಎಲೆಗಳನ್ನು ನೆನಪಿಟ್ಟುಕೊಳ್ಳುವಂತೆ ಇಲ್ಲಿ ಪ್ರತಿಯೊಂದು ಎಲೆಯನ್ನೂ ನೆನಪಿಡಬೇಕಾಗಿಲ್ಲ. ಹೈ-ಲೋ ಎಂಬ ಪದ್ಧತಿಯಲ್ಲಿ 2ರಿಂದ 6ರವರೆಗಿನ ಎಲೆಗೆ +1, 7ರಿಂದ 9ಕ್ಕೆ ಸೊನ್ನೆ, ಹತ್ತು, ಚಿತ್ರದೆಲೆ ಮತ್ತು ಎಕ್ಕಕ್ಕೆ −1 ಎಂದು ಕೂಡಿಸುತ್ತಾ ಹೋದರೆ ಸಾಕು. ಮೇಜಿನ ಮೇಲೆ 5, ರಾಜ, 3, 8, 6, ಎಕ್ಕ ಬಿದ್ದವೆನ್ನಿ, ಎಣಿಕೆ +1. ಬಂದ ಮೊತ್ತವನ್ನು ಇನ್ನೂ ಹಂಚದೆ ಉಳಿದಿರುವ ಕಟ್ಟುಗಳ ಸಂಖ್ಯೆಯಿಂದ ಭಾಗಿಸಿದರೆ ನಿಜವಾದ ಎಣಿಕೆ ಸಿಗುತ್ತದೆ, ಮತ್ತು ಅದು ಒಂದು ಅಂಶ ಏರಿದಾಗ ಆಟಗಾರನ ಸ್ಥಿತಿ ಸುಮಾರು ಶೇ. 0.5ರಷ್ಟು ಸುಧಾರಿಸುತ್ತದೆ.

ದೊಡ್ಡ ಎಲೆಗಳು ನಾಲ್ಕು ದಾರಿಗಳಲ್ಲಿ ಆಟಗಾರನಿಗೆ ನೆರವಾಗುತ್ತವೆ. ಬ್ಲ್ಯಾಕ್‌ಜ್ಯಾಕ್ (ಮೊದಲ ಎರಡೇ ಎಲೆಗಳಲ್ಲಿ 21, ಅಂದರೆ ಎಕ್ಕ ಮತ್ತು ಹತ್ತರ ಬೆಲೆಯ ಎಲೆ) ಬಿದ್ದಾಗ ಪಣದ ಒಂದೂವರೆ ಪಟ್ಟು ಸಿಗುತ್ತದೆ. 12ರಿಂದ 16ರ ನಡುವೆ ಸಿಕ್ಕಿಕೊಂಡ ಡೀಲರ್ ಇನ್ನೊಂದು ಎಲೆ ಎಳೆಯಲೇಬೇಕಾದ್ದರಿಂದ 21 ದಾಟಿ ಸೋಲುತ್ತಾನೆ. ಪಣ ದುಪ್ಪಟ್ಟು ಮಾಡಿದಾಗ ಒಳ್ಳೆಯ ಎಲೆ ಬರುತ್ತದೆ. ಡೀಲರ್‌ಗೆ ಬ್ಲ್ಯಾಕ್‌ಜ್ಯಾಕ್ ಬಂದಿದೆ ಎಂದು ಕಟ್ಟುವ ಇನ್ಶೂರೆನ್ಸ್ ಎಂಬ ಉಪಪಣವೂ ಕೆಲವೊಮ್ಮೆ ಲಾಭಕರವಾಗುತ್ತದೆ. ಬದಲಿ ಆಟವೊಂದನ್ನು ಅಳೆಯಬೇಕಾದರೆ ಈ ನಾಲ್ಕರಲ್ಲಿ ಎಷ್ಟು ದಾರಿಗಳು ತೆರೆದಿವೆ ಎಂದು ನೋಡಬೇಕು.

ಬ್ಲ್ಯಾಕ್‌ಜ್ಯಾಕ್ ಸ್ವಿಚ್‌ನಲ್ಲಿ ಆಟಗಾರನಿಗೆ ಎರಡು ಕೈ ಸಿಗುತ್ತವೆ, ಅವುಗಳ ಎರಡನೆಯ ಎಲೆಗಳನ್ನು ಅದಲುಬದಲು ಮಾಡಿಕೊಳ್ಳಬಹುದು. ಈ ಸೌಲಭ್ಯಕ್ಕೆ ಪ್ರತಿಯಾಗಿ ಕ್ಯಾಸಿನೊ ಎರಡನ್ನು ಕಸಿದುಕೊಳ್ಳುತ್ತದೆ: ಬ್ಲ್ಯಾಕ್‌ಜ್ಯಾಕ್‌ಗೆ ಸಮಪಾಲು (ಪಣದಷ್ಟೇ ಹಣ) ಮಾತ್ರ, ಮತ್ತು ಡೀಲರ್‌ನ ಮೊತ್ತ ಸರಿಯಾಗಿ 22 ಆದರೆ ಆಟಗಾರ ಗೆಲ್ಲುವುದಿಲ್ಲ, ಪಣ ಹಿಂದಿರುಗುತ್ತದೆ ಅಷ್ಟೆ. ಡೀಲರ್ ಬಳಿ 12 ಇದೆ ಎಂದುಕೊಳ್ಳಿ. ಎಣಿಕೆ ಏರಿದೆ, ಶೂನಲ್ಲಿ (ಹಂಚುವ ಕಟ್ಟುಗಳನ್ನು ಇಟ್ಟಿರುವ ಪೆಟ್ಟಿಗೆಯಲ್ಲಿ) ಹತ್ತರ ಬೆಲೆಯ ಎಲೆಗಳು ತುಂಬಿವೆ, ನೀವು ದೊಡ್ಡ ಪಣವನ್ನೇ ಇಟ್ಟಿದ್ದೀರಿ. ಡೀಲರ್ ಎಲೆ ಎಳೆದಾಗ ರಾಣಿ ಬರುತ್ತದೆ. ಸಾಮಾನ್ಯ ಆಟದಲ್ಲಿ ಅದು ನಿಮ್ಮ ಗೆಲುವು. ಇಲ್ಲಿ 12ಕ್ಕೆ 10 ಸೇರಿ 22, ನೀವು ಇಟ್ಟದ್ದೇ ನಿಮಗೆ ವಾಪಸ್ಸು. ಯಾವ ಎಲೆಗಾಗಿ ಕಾದು ಕುಳಿತಿದ್ದಿರೋ ಅದೇ ಎಲೆ ಬಂದರೂ ಗಳಿಕೆಯಿಲ್ಲ. ಡಬಲ್ ಎಕ್ಸ್‌ಪೋಷರ್‌ನಲ್ಲಿ ಡೀಲರ್‌ನ ಎರಡೂ ಎಲೆಗಳು ಮೊದಲೇ ಕಾಣುತ್ತವೆ, ಆದರೆ ಬ್ಲ್ಯಾಕ್‌ಜ್ಯಾಕ್‌ಗೆ ಸಮಪಾಲೇ, ಇನ್ಶೂರೆನ್ಸ್‌ಗೆ ಅರ್ಥವಿಲ್ಲ, ಮೊತ್ತ ಸಮವಾದರೆ ಸಾಮಾನ್ಯವಾಗಿ ಡೀಲರ್‌ಗೇ ಗೆಲುವು.

ಸ್ಪ್ಯಾನಿಷ್ 21ರ ಸ್ವಭಾವ ಬೇರೆ. ಅಲ್ಲಿ ಪ್ರತಿ ಕಟ್ಟಿನಿಂದ ನಾಲ್ಕು ಹತ್ತುಗಳನ್ನು ತೆಗೆದು 48 ಎಲೆಗಳಲ್ಲಿ ಆಡಿಸುತ್ತಾರೆ. ಗುಲಾಮ, ರಾಣಿ, ರಾಜ ಉಳಿದಿರುತ್ತವೆ. ಈ ನಷ್ಟ ದೊಡ್ಡದು. ಆದರೆ ಆಟಗಾರನ 21 ಯಾವಾಗಲೂ ಗೆಲ್ಲುತ್ತದೆ, ಎಷ್ಟು ಎಲೆ ಬಂದ ಮೇಲೂ ಪಣ ದುಪ್ಪಟ್ಟು ಮಾಡಬಹುದು, ಐದು ಅಥವಾ ಹೆಚ್ಚು ಎಲೆಗಳಲ್ಲಿ 21 ಮಾಡಿದರೆ ಹೆಚ್ಚುವರಿ ಹಣವಿದೆ, ಬ್ಲ್ಯಾಕ್‌ಜ್ಯಾಕ್‌ಗೆ ಒಂದೂವರೆ ಪಟ್ಟು ಸಿಗುವುದು ಹಾಗೆಯೇ ಉಳಿದಿದೆ.

ಹಲವರು ಎಡವುವುದು ಎಣಿಕೆಯ ಆರಂಭದಲ್ಲಿ. ಪ್ರತಿ ಕಟ್ಟಿನಲ್ಲಿ ಸಣ್ಣ ಎಲೆಗಳು 20, ದೊಡ್ಡವು 16 ಮಾತ್ರ, ಆದ್ದರಿಂದ ಸೊನ್ನೆಯಿಂದ ಎಣಿಸಿದರೆ ಮೊತ್ತ ಕಟ್ಟಿಗೆ ನಾಲ್ಕರಂತೆ ತಾನಾಗಿಯೇ ಏರುತ್ತದೆ. ಆರು ಕಟ್ಟಿನ ಶೂನಲ್ಲಿ ಮೂರು ಕಟ್ಟು ಮುಗಿಯುವಾಗ ಸರಾಸರಿ +12. ಉಳಿದ ಮೂರರಿಂದ ಭಾಗಿಸಿದರೆ +4. ಯಾವ ಅನುಕೂಲವೂ ಇಲ್ಲದ ಹೊತ್ತಿನಲ್ಲಿ ಪಣವನ್ನು ಮೂರು ನಾಲ್ಕು ಪಟ್ಟು ಏರಿಸಿ ಕಳೆದುಕೊಳ್ಳುವುದು ಹೀಗೆ. ಆರು ಕಟ್ಟಿಗೆ −24ರಿಂದ ಆರಂಭಿಸಿದರೆ ಭಾಗಿಸಿದ ಸರಾಸರಿ ಎಣಿಕೆ ಶೂ ಪೂರ್ತಿ −4ರಲ್ಲೇ ನಿಲ್ಲುತ್ತದೆ. ಅದನ್ನೇ ಸಮಸ್ಥಿತಿ ಎಂದು ತಿಳಿದು, ಅಲ್ಲಿಂದ ಎರಡು ಮೂರು ಅಂಶ ಮೇಲೇರಿದಾಗ ಮಾತ್ರ ಪಣ ಹೆಚ್ಚಿಸುವ ಯೋಚನೆ ಮಾಡಬೇಕು.

ಹೆಸರು ಬದಲಾಗದೆಯೇ ಕೆಟ್ಟುಹೋದ ಆಟವೂ ಒಂದಿದೆ. ಬ್ಲ್ಯಾಕ್‌ಜ್ಯಾಕ್‌ಗೆ ಪಣದ 2ಕ್ಕೆ 3ರ ಬದಲು 5ಕ್ಕೆ 6 ಕೊಡುವ ಮೇಜುಗಳು ಲಾಸ್ ವೇಗಸ್‌ನಲ್ಲಿ ಈಗ ಸಾಮಾನ್ಯ. ಸಾವಿರ ರೂಪಾಯಿಯ ಪಣಕ್ಕೆ 1,500ರ ಬದಲು 1,200 ಬರುತ್ತದೆ. ಬ್ಲ್ಯಾಕ್‌ಜ್ಯಾಕ್ ಸುಮಾರು 21 ಕೈಗೊಮ್ಮೆ ಬೀಳುವುದರಿಂದ ಪ್ರತಿ ಕೈಗೆ 14 ರೂಪಾಯಿ, ಅಂದರೆ ಶೇ. 1.4, ಕೈಬಿಟ್ಟಂತೆ. ಇದನ್ನು ತುಂಬಿಕೊಳ್ಳಲು ಎಣಿಕೆ ಇನ್ನೂ ಸುಮಾರು ಮೂರು ಅಂಶ ಏರಬೇಕು, ಅಂಥ ಗಳಿಗೆಗಳು ಅಪರೂಪ. ಇನ್ನು ಎಲೆಗಳನ್ನು ನಿರಂತರವಾಗಿ ಕಲೆಸುವ ಯಂತ್ರವಿರುವ ಮೇಜಿನಲ್ಲಿ ಆಡಿದ ಎಲೆಗಳು ಕೂಡಲೇ ಒಳಗೆ ಮರಳುವುದರಿಂದ ಎಣಿಕೆಗೆ ಹಿಡಿಯಲು ಏನೂ ಉಳಿಯುವುದಿಲ್ಲ. ಯಂತ್ರವಿಲ್ಲದ ಕಡೆ, ಶೂನ ಹಿಂಭಾಗದಲ್ಲಿ ಎಷ್ಟು ಕಟ್ಟುಗಳನ್ನು ಹಂಚದೆ ಬಿಡುತ್ತಾರೆ ಎಂಬುದನ್ನು ಕುಳಿತುಕೊಳ್ಳುವ ಮೊದಲೇ ಗಮನಿಸಬೇಕು. ಆರರಲ್ಲಿ ಒಂದು ಬಿಟ್ಟರೆ ಒಳ್ಳೆಯದು. ಎರಡು ಬಿಟ್ಟರೆ ಎಣಿಕೆ ಬಲಗೊಳ್ಳುವ ಹೊತ್ತಿಗೆ ಎಲೆ ಕಲೆಸಿಬಿಡುತ್ತಾರೆ.

ತಲೆಯಲ್ಲೇ ಎಣಿಸುವುದು ಅಮೆರಿಕದಲ್ಲಿ ಅಪರಾಧವಲ್ಲ. ಆದರೂ ನೆವಾಡದ ಕ್ಯಾಸಿನೊಗಳು ಎಣಿಸುವವರನ್ನು ಹೊರಗೆ ಕಳಿಸಬಹುದು. ನ್ಯೂಜೆರ್ಸಿಯಲ್ಲಿ ಮಾತ್ರ 1982ರ ರಾಜ್ಯ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಆ ಕಾರಣಕ್ಕೆ ಹೊರಹಾಕುವಂತಿಲ್ಲ.

ಕರ್ನಾಟಕದಲ್ಲಿ ಕ್ಯಾಸಿನೊ ಇಲ್ಲ. ನಮ್ಮಲ್ಲಿ ಹೆಚ್ಚಿನವರು ಈ ಆಟವನ್ನು ಕಣ್ಣಾರೆ ಕಾಣುವುದು ಪಣಜಿಯ ಮಾಂಡೋವಿ ನದಿಯ ಹಡಗುಗಳಲ್ಲಿ. ವಾರದ ಕೊನೆಗೆ ಅಲ್ಲಿಗೆ ಹೋಗಿ ಎರಡು ರಾತ್ರಿಯಲ್ಲಿ ಹತ್ತು ಗಂಟೆ ಆಡಿದಿರಿ, ಗಂಟೆಗೆ 60 ಕೈ, ಸರಾಸರಿ ಪಣ ಸಾವಿರ ರೂಪಾಯಿ, ಎಣಿಕೆಯಲ್ಲಿ ಒಂದೂ ತಪ್ಪಿಲ್ಲ, ಒಟ್ಟಾರೆ ಶೇ. 1ರಷ್ಟು ಮೇಲುಗೈ ನಿಮ್ಮದು ಎಂದೇ ಇಟ್ಟುಕೊಳ್ಳೋಣ. ನಿರೀಕ್ಷಿತ ಗಳಿಕೆ 6,000 ರೂಪಾಯಿ. ಆದರೆ 600 ಕೈಗಳಲ್ಲಿ ಅದೃಷ್ಟದ ಏರಿಳಿತವೇ ಆಚೀಚೆ ಸುಮಾರು 28,000 ರೂಪಾಯಿಯಷ್ಟಿರುತ್ತದೆ, ಪಣವನ್ನು ಹೆಚ್ಚು ಕಡಿಮೆ ಮಾಡುತ್ತಾ ಹೋದರೆ ಇನ್ನೂ ಹೆಚ್ಚು. ನಿರೀಕ್ಷಿತ ಗಳಿಕೆ ಈ ಏರಿಳಿತಕ್ಕೆ ಸಮನಾಗಿ ನಿಲ್ಲಲು 220 ಗಂಟೆ ಬೇಕು, ಅಷ್ಟು ಆಡಿದ ಮೇಲೂ ಆರರಲ್ಲಿ ಒಬ್ಬರು ನಷ್ಟದಲ್ಲೇ ಇರುತ್ತಾರೆ. ಪ್ರವೇಶ ಶುಲ್ಕ, ಬಸ್ಸು ಮತ್ತು ಊಟ ವಸತಿಯ ಖರ್ಚು ಆ 6,000ದೊಳಗಿಂದಲೇ ಹೋಗಬೇಕು.