ಪ್ರಯಾರಿಟಿ ಎಂದರೆ ವೇಗವಲ್ಲ, ಸರದಿ

ವಿಡಿಯೊ ರೆಂಡರ್ (ಎಡಿಟ್ ಮಾಡಿದ್ದನ್ನು ಅಂತಿಮ ವಿಡಿಯೊ ಫೈಲ್ ಮಾಡುವ ಕೆಲಸ) ತೆವಳುತ್ತಿದೆಯೆಂದು ಕೆಲವರು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು, ಡೀಟೇಲ್ಸ್ ಟ್ಯಾಬ್‌ನಲ್ಲಿ ಆ ಪ್ರೋಗ್ರಾಂಗೆ ‘ರಿಯಲ್‌ಟೈಮ್’ ಪ್ರಯಾರಿಟಿ ಕೊಡುತ್ತಾರೆ. ಮರುಕ್ಷಣ ಮೌಸ್ ಅಲ್ಲಾಡುವುದಿಲ್ಲ. ಆಮೇಲೆ ‘ವೈರಸ್ ಇರಬಹುದಾ?’ ಎಂಬ ಪ್ರಶ್ನೆ.

ವೈರಸ್ ಅಲ್ಲ ಮಾರಾಯರೇ. ಸಿಪಿಯು ಯಾವ ಕೆಲಸವನ್ನು ಮೊದಲು ಎತ್ತಿಕೊಳ್ಳಬೇಕು ಎಂಬುದಷ್ಟೇ ಪ್ರಯಾರಿಟಿ. ಪಡಿತರ ಅಂಗಡಿಯ ಸಾಲಿನಲ್ಲಿ ಮುಂದೆ ನುಗ್ಗಿದವನಿಗೆ ಅಕ್ಕಿ ಮೊದಲು ಸಿಗುತ್ತದೆ, ಅಷ್ಟೆ. ತೂಗುವವನ ಕೈ ಚುರುಕಾಗುವುದಿಲ್ಲ. ಸಾಲೇ ಇಲ್ಲದಿದ್ದರೆ ನುಗ್ಗಿಯೂ ಲಾಭವಿಲ್ಲ. ಸಿಪಿಯು ಅರ್ಧ ಖಾಲಿಯಿದ್ದು ಡಿಸ್ಕ್ 100% ತೋರಿಸುತ್ತಿದ್ದರೆ ಪ್ರಯಾರಿಟಿ ಮುಟ್ಟಲೇಬೇಡಿ, ಅಡ್ಡಿ ಇರುವುದು ಬೇರೆ ಕಡೆ.

ವಿಂಡೋಸ್‌ನಲ್ಲಿ ಪ್ರಯಾರಿಟಿ ಮಟ್ಟಗಳು 0ರಿಂದ 31, ಅಂಕಿ ದೊಡ್ಡದಾದಷ್ಟೂ ಸರದಿ ಮುಂದೆ. ನಾರ್ಮಲ್ 8, ಹೈ 13, ರಿಯಲ್‌ಟೈಮ್ 24. 15ರ ತನಕ ಒಂದು ಕರುಣೆ ಉಂಟು: ಸುಮಾರು 4 ಸೆಕೆಂಡ್ ಸರದಿ ಸಿಗದೆ ಕಾದ ಥ್ರೆಡ್ಡನ್ನು (ಪ್ರೋಗ್ರಾಂನೊಳಗಿನ ಕೆಲಸದ ಒಂದು ಎಳೆ) ವಿಂಡೋಸ್ ತಾತ್ಕಾಲಿಕವಾಗಿ 15ಕ್ಕೆ ಎತ್ತುತ್ತದೆ. ಹಾಗಾಗಿ ‘ಹೈ’ ಕೊಟ್ಟರೆ ಯಂತ್ರ ತಡವರಿಸೀತು, ಆದರೂ ಉಸಿರಾಡುತ್ತದೆ. 24ರಲ್ಲಿ ಕೂತವನ ಮುಂದೆ ಆ 15 ಯಾವ ಲೆಕ್ಕ? ಮೌಸ್, ಕೀಬೋರ್ಡ್, ಡಿಸ್ಕ್‌ಗೆ ಬರೆಯುವ ಕೆಲಸ ಎಲ್ಲವೂ ಹಿಂದೆ ಬೀಳಬಹುದು. ರೆಂಡರ್‌ನಂಥ ಪ್ರೋಗ್ರಾಂ ಸಿಪಿಯುನ ಪ್ರತಿ ಕೋರ್‌ಗೂ (ಸಿಪಿಯು ಒಳಗೆ ಬೇರೆ ಬೇರೆಯಾಗಿ ದುಡಿಯುವ ಘಟಕ) ಒಂದೊಂದು ಥ್ರೆಡ್ ಹಾಕುವುದರಿಂದ ಖಾಲಿ ಕೋರೂ ಉಳಿಯುವುದಿಲ್ಲ. ‘ನಾನು ಕೊಟ್ಟೆ, ಏನೂ ಆಗಲಿಲ್ಲ’ ಎನ್ನುವವರು ಬಹುಶಃ ಅಡ್ಮಿನ್ ಆಗಿರಲಿಲ್ಲ. ಆಗ ವಿಂಡೋಸ್ ಸದ್ದಿಲ್ಲದೆ ‘ಹೈ’ ಕೊಟ್ಟು ಸುಮ್ಮನಾಗುತ್ತದೆ.

ಲಿನಕ್ಸ್ ಈ ವಿಷಯದಲ್ಲಿ ಜಾಣ. ರಿಯಲ್‌ಟೈಮ್ ಕೆಲಸಗಳಿಗೆ ಪ್ರತಿ ಸೆಕೆಂಡಿನಲ್ಲಿ 0.95 ಸೆಕೆಂಡ್ ಮಾತ್ರ ಎಂಬುದು ಅದರ ಮಾಮೂಲಿ ಮಿತಿ. ಆ ಮಿತಿಯ ಸೆಟ್ಟಿಂಗನ್ನೂ -1 ಮಾಡಿ ತೆಗೆದುಹಾಕುವ ಪುಣ್ಯಾತ್ಮರಿದ್ದಾರೆ.

ಮಾಡಬೇಕಾದದ್ದು ಉಲ್ಟಾ. ಭಾರದ ಕೆಲಸವನ್ನು ‘ಬಿಲೋ ನಾರ್ಮಲ್’ಗೆ ಇಳಿಸಿ. ಬೇರೆ ಪೈಪೋಟಿ ಇಲ್ಲದಾಗ ರೆಂಡರ್ ಹೆಚ್ಚುಕಮ್ಮಿ ಅದೇ ಸಮಯಕ್ಕೆ ಮುಗಿಯುತ್ತದೆ, ನಡುವೆ ನೀವು ಮೇಲ್ ನೋಡಬಹುದು. ಇನ್ನೂ ತಡವರಿಸಿದರೆ ಅದೇ ಮೆನುವಿನ ‘ಸೆಟ್ ಅಫಿನಿಟಿ’ಯಲ್ಲಿ ಒಂದೆರಡು ಕೋರ್‌ಗಳ ಗುರುತು ತೆಗೆಯಿರಿ, ಅವು ಬೇರೆ ಕೆಲಸಗಳಿಗೆ ಉಳಿಯುತ್ತವೆ.

ಈಗಾಗಲೇ ಹ್ಯಾಂಗ್ ಆಗಿದ್ದರೆ ತಕ್ಷಣ ಪವರ್ ಬಟನ್ ಒತ್ತಬೇಡಿ. ರೆಂಡರ್ ಮುಗಿದರೆ ಯಂತ್ರ ತಾನೇ ಮರಳೀತು. ಪ್ರೋಗ್ರಾಂ ಮುಚ್ಚಿದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಕೊಟ್ಟ ಪ್ರಯಾರಿಟಿಯೂ ಹೋಗುತ್ತದೆ. ರೀಸ್ಟಾರ್ಟ್ ಆದ ಮೇಲೂ ಮತ್ತೆ ಮತ್ತೆ ಹೀಗೇ ಆದರೆ, ಪ್ರಯಾರಿಟಿಯನ್ನು ತಾನೇ ಏರಿಸುವ, ಯಾರೋ ಹಾಕಿಕೊಟ್ಟ ‘ಗೇಮ್ ಬೂಸ್ಟರ್’ ಇದೆಯೇ ಎಂದು ಮೊದಲು ಹುಡುಕಿ.